ಬೆನ್ನ ಮೇಲಿನ ಮೂರೂವರೆ ಲೀಟರ್ ನೀರು

ಮೂವತ್ತಮೂರನೆಯ ವಯಸ್ಸಿನಲ್ಲಿ ನಿವೃತ್ತಿ ಎಂಬ ಮಾತು ಬಳಸಿದರೆ ಜನ ನಗುತ್ತಾರೆ. ಆದರೂ ಬೇರೆ ಪದ ನನಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ದಿನಗಟ್ಟಲೆ ಚೀಲ ಹೊತ್ತು ಕಾಡಿನೊಳಗೆ ನಡೆಯುವುದು, ಗುರುತು ಮಾಡಿದ ಮರಗಳ ಸುತ್ತಳತೆ ತೆಗೆಯುವುದು, ಎಲ್ಲೆಲ್ಲಿ ನೀರು ಉಳಿದಿದೆ ಎಂದು ಬರೆದುಕೊಂಡು ಬರುವುದು, ಇದು ನನ್ನ ಕೆಲಸವಾಗಿತ್ತು. ಹತ್ತು ಬೇಸಿಗೆ ಮಾಡಿದೆ. ಎಡಮಂಡಿ ಸವೆದಿದೆ, ಇನ್ನು ಬೆನ್ನ ಮೇಲೆ ಭಾರ ಹೊರಬೇಡಿ ಎಂದು ವೈದ್ಯರು ಹೇಳಿದ ಮೇಲೆ ಬಿಟ್ಟೆ. ಈಗ ನಂಜನಗೂಡಿನ ಒಂದು ಬಾಡಿಗೆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಬೇರೆಯವರು ನಡೆದು ತಂದ ಅಂಕಿಗಳಿಂದ ನಕ್ಷೆ ಮಾಡುತ್ತೇನೆ.

ಪ್ರತಿ ವರ್ಷ ಬೇಸಿಗೆಗೆ ಮುಂಚೆ ಹೊಸಬರು ಸೇರುತ್ತಾರೆ. ಅವರಲ್ಲಿ ಒಬ್ಬರಿಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆನೆ ಎದುರಾದರೆ ಏನು ಮಾಡಬೇಕು, ಯಾವ ಬೂಟು ಒಳ್ಳೆಯದು, ಉಣ್ಣಿ ಹುಳ ಕಚ್ಚಿದರೆ ಏನು ಹಚ್ಚಬೇಕು ಎಂದು ಕೇಳುತ್ತಾರೆ. ಇದಕ್ಕೆಲ್ಲ ನನ್ನಲ್ಲಿ ಉತ್ತರವಿದೆ. ನಿಜವಾಗಿ ಹೇಳಬೇಕಾದ ಒಂದು ಸಂಗತಿಯನ್ನು ಮಾತ್ರ ಎದುರಿಗೆ ಕೂತವರ ಮುಖ ನೋಡಿಕೊಂಡು ಹೇಳಲು ನನಗೆ ಈವರೆಗೂ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಏಳನೆಯ ಬೇಸಿಗೆಯಲ್ಲಿ, ನಾನು ಮುಂದಾಳಾಗಿದ್ದ ನಡಿಗೆಯಲ್ಲಿ, ಇಪ್ಪತ್ತೆರಡು ವರ್ಷದ ಒಬ್ಬಳ ಜೀವ ಹೋಗುವುದರಲ್ಲಿತ್ತು. ಆನೆಯಿಂದಲ್ಲ, ಹಾವಿನಿಂದಲ್ಲ. ನಾನು ಸಹಜವಾಗಿ ಹೇಳಿದ ಒಂದು ಮಾತಿನಿಂದ.

ಕೆಲಸ ಹೇಗಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಕಾಡೆಂದರೆ ನೆರಳು ಎಂದುಕೊಂಡು ಬರುವವರಿಗೆ ನಂಜನಗೂಡು ತಾಲ್ಲೂಕಿನ ದಕ್ಷಿಣದ ಕಾಡು ಏಪ್ರಿಲ್‌ನಲ್ಲಿ ದಿಗಿಲು ಹುಟ್ಟಿಸುತ್ತದೆ. ತೇಗ, ದಿಂಡಿಗ, ಮತ್ತಿ ಎಲ್ಲವೂ ಎಲೆ ಕಳಚಿ ನಿಂತಿರುತ್ತವೆ. ಮರಗಳಿರುತ್ತವೆ, ನೆರಳಿರುವುದಿಲ್ಲ. ಕಾಲಿಟ್ಟಲ್ಲೆಲ್ಲ ತೇಗದ ಒಣ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಹಸಿರೆಂದರೆ ಲಂಟಾನದ ಪೊದೆ, ಹಳ್ಳದ ದಂಡೆಯ ಕೆಲವು ಹೊಳೆಮತ್ತಿ ಮರಗಳು, ಅಷ್ಟೆ. ನಮ್ಮ ನಡಿಗೆ ಮೂರು ದಿನದ್ದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ರಾತ್ರಿ ಕಾವಲು ಶಿಬಿರಗಳಲ್ಲಿ ತಂಗುತ್ತ ಹೋಗಬೇಕು. ಊಟ, ಹಾಸಿಗೆ, ಅಳತೆಯ ಸಾಮಾನು, ನೀರು ಎಲ್ಲವೂ ಬೆನ್ನ ಮೇಲೆ.

ನಾನು ಸೋಸಲೆಯವಳು. ಹೈಸ್ಕೂಲಿಗೆ ದಿನವೂ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗುತ್ತಿದ್ದೆ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಸದಾ ಬೀಗ. ಬೆಳಿಗ್ಗೆ ಕಾಫಿ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ನಾವು ಏನೂ ಕುಡಿಯುತ್ತಿರಲಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಬಸ್ ಪಾಸು ಎಲ್ಲಿಡಬೇಕು ಎಂಬುದನ್ನು ಕಲಿತ ಹಾಗೆ ಇದನ್ನೂ ಕಲಿತೆವು. ಎಂ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಬಂದಾಗ ನಾಲ್ವರು ಗಂಡಸರ ನಡುವೆ ನಾನೊಬ್ಬಳೇ. ಹಳೆಯ ವಿದ್ಯೆ ಕೈಹಿಡಿಯಿತು.

ಮೊದಲ ನಡಿಗೆಯ ಹಿಂದಿನ ದಿನ ನಮ್ಮ ಮೇಲಧಿಕಾರಿ ನನ್ನ ಚೀಲವನ್ನು ಆಫೀಸಿನ ಜಗುಲಿಯ ಮೇಲೆ ಸುರಿಸಿದರು. ಅವರ ಪದ್ಧತಿ ಅದು. ಒಂದೊಂದೇ ವಸ್ತುವನ್ನು ಎತ್ತಿ, "ಇದು ಯಾಕೆ?" ಎಂದು ಕೇಳುತ್ತಿದ್ದರು. ಉತ್ತರ ಸರಿಯಿಲ್ಲದಿದ್ದರೆ ಪಕ್ಕಕ್ಕಿಡುತ್ತಿದ್ದರು. ಎರಡನೆಯ ಟವೆಲ್ ಹೋಯಿತು, ದಪ್ಪನೆಯ ಪುಸ್ತಕ ಹೋಯಿತು, ಕನ್ನಡಿ ಹೋಯಿತು. ನಂತರ ಅವರ ಕೈ ಒಂದು ಕಪ್ಪು ಪ್ಲಾಸ್ಟಿಕ್ ಪೊಟ್ಟಣದ ಮೇಲೆ ಹೋಯಿತು. ತಿಂಗಳ ದಿನಗಳಿಗೆಂದು ಇಟ್ಟುಕೊಂಡಿದ್ದು. ಅವರಿಗೆ ಅರ್ಥವಾಗಿ, ಕೈ ಸುಟ್ಟವರ ಹಾಗೆ ಬಿಟ್ಟು, "ಸರಿ, ಸರಿ, ತುಂಬ್ಕೊಳ್ಳಿ" ಎಂದು ಒಳಗೆ ಹೋದರು. ಒಳ್ಳೆಯ ಮನುಷ್ಯ. ಆದರೆ ಅಂದಿನಿಂದ ನಮ್ಮ ಸಾಮಾನಿನ ಪಟ್ಟಿಯಲ್ಲಿ ಸೂಜಿಯಿಂದ ಹಿಡಿದು ಹಗ್ಗದವರೆಗೆ ಎಲ್ಲ ಇರುತ್ತಿತ್ತು, ಆ ಪೊಟ್ಟಣವೊಂದನ್ನು ಬಿಟ್ಟು. ಅವರು ಬರೆಯಲಿಲ್ಲ, ನಾನೂ ಬರೆಸಲಿಲ್ಲ.

ನನ್ನ ಜೊತೆ ಏಳು ವರ್ಷವೂ ನಡೆದವರು ಇಬ್ಬರು. ಒಬ್ಬರು ಮಾದಯ್ಯ. ಕಾಡಂಚಿನ ಹಳ್ಳಿಯವರು, ಐವತ್ತು ದಾಟಿದ, ಕಾಡು ಕಾಯುವ ವಾಚರ್, ದಾರಿ ತೋರುವವರು. ಇನ್ನೊಬ್ಬ ಸಿದ್ದರಾಜು. ಬದನವಾಳು ಕಡೆಯವನು, ಮೂವತ್ತರ ಆಸುಪಾಸು, ಅಳತೆಯ ಟೇಪು ಹಿಡಿಯುವವನು, ಬಾಯಿ ಮುಚ್ಚದವನು. ಸಂಜೆ ಶಿಬಿರ ಸೇರುವಾಗ ಗಂಡಸರ ಬಾಟಲಿಗಳೆಲ್ಲ ಖಾಲಿಯಾಗಿರುತ್ತಿದ್ದವು. ನನ್ನವು ಅರ್ಧಕ್ಕಿಂತ ಹೆಚ್ಚು ತುಂಬಿರುತ್ತಿದ್ದವು. ಅವನ್ನು ಅವರಿಗೆ ಹಂಚುತ್ತಿದ್ದೆ.

"ನಮ್ಮ ಮೇಡಮ್ಮೋರು ಒಂಟೆ ಕಣ್ರೀ," ಎಂದು ಸಿದ್ದರಾಜು ಹೊಸಬರಿಗೆಲ್ಲ ಹೇಳುತ್ತಿದ್ದ. "ಸೋಸ್ಲೇಲಿ ಒಂದ್ಸಲ ಕಾವೇರಿ ಕುಡುದ್ರೆ ಮುಗೀತು, ವರ್ಸಕ್ಕಾಯ್ತದೆ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಮಾದಯ್ಯನವರದು ಒಂದೇ ಒಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ಗಂಟೆಗೊಮ್ಮೆ ನಿಲ್ಲಿಸುತ್ತಿದ್ದರು. "ತಡೀರಿ, ಒಸಿ ಎಲೆ ಆಕಬೇಕು" ಎನ್ನುತ್ತಿದ್ದರು. ಗಂಡಸರನ್ನು ಕರೆದುಕೊಂಡು ದಾರಿಯ ತಿರುವು ದಾಟಿ ಮುಂದೆ ಹೋಗಿ, ನನ್ನ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಸಂಚಿ ಬಿಚ್ಚಿ, ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸುವ ಹೊತ್ತಿಗೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ನಾನು ದಿನಕ್ಕೊಮ್ಮೆಯೋ ಎರಡು ಸಲವೋ ಹಿಂದೆ ಉಳಿದು, ಪೊದೆಯ ಮರೆಗೆ ಹೋಗಿ ಬರುತ್ತಿದ್ದೆ. ಯಾರ ಗಮನಕ್ಕೂ ಬಾರದಂತೆ ಅವಕಾಶ ಬಳಸಿಕೊಂಡೆ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಉಳಿದ ನಿಲುಗಡೆಗಳೆಲ್ಲ ನನ್ನ ಕೈಗಡಿಯಾರದಲ್ಲಿ ವ್ಯರ್ಥ ನಿಮಿಷಗಳಾಗಿದ್ದವು.

ಏಳನೆಯ ಬೇಸಿಗೆಯಲ್ಲಿ ಪವಿತ್ರಾ ಸೇರಿದಳು. ತಿ. ನರಸೀಪುರದವಳು. ತಂದೆ ಇಲ್ಲ, ತಾಯಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಮಗಳನ್ನು ಕಾಡಿಗೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ನಾನೇ ಅಂಗಡಿಗೆ ಹೋಗಿದ್ದೆ. ಅವರು ಹೊಲಿಗೆ ಮಿಷನ್ನಿನಿಂದ ಕಾಲು ತೆಗೆಯದೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ನೀವೂ ಹೆಣ್ಣುಮಗಳೇ. ನಿಮ್ಮ ಜೊತೆಗಿರ್ತಾಳೆ ಅಂತ ಕಳಿಸ್ತೀನಿ," ಎಂದರು. "ಬೇರೆ ಯಾರಾದ್ರೂ ಬಂದು ಕೇಳಿದ್ರೆ ಕಳಿಸ್ತಿರಲಿಲ್ಲ."

ಹೇಗೆ ಕರೆದುಕೊಂಡು ಹೋಗುತ್ತೇನೋ ಹಾಗೇ ತಂದು ಬಿಡುತ್ತೇನೆ ಎಂದು ಮಾತು ಕೊಟ್ಟೆ.

ಆ ಸಲ ಹೊರಟವರು ನಾವು ನಾಲ್ವರೇ. ಮೊದಲ ದಿನ ಹದಿನಾಲ್ಕು ಕಿಲೋಮೀಟರ್. ಪವಿತ್ರಾ ಚೆನ್ನಾಗಿ ನಡೆದಳು. ಅಂಕಿಗಳನ್ನು ಸ್ಪಷ್ಟವಾಗಿ ಬರೆಯುತ್ತಿದ್ದಳು, ಏಳನ್ನು ಒಂದೆಂದು ತಪ್ಪಿ ಓದಲು ಸಾಧ್ಯವೇ ಇರಲಿಲ್ಲ. ಮಾದಯ್ಯನವರ ಎಲೆಯ ಹೊತ್ತಿನಲ್ಲಿ ಎರಡು ಮೂರು ಸಲ ಹಿಂದೆ ಉಳಿದು, ಓಡಿ ಬಂದು ಸೇರಿಕೊಂಡಳು. ಸಂಜೆ ಶಿಬಿರದ ಹಿಂದೆ ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಸರಿದು ತಗ್ಗಿದ ದನಿಯಲ್ಲಿ ಕೇಳಿದಳು.

"ಮೇಡಂ, ನೀವು ಇಷ್ಟು ವರ್ಷ ಹೇಗೆ... ಮಧ್ಯದಲ್ಲಿ ಹೋಗಬೇಕು ಅನ್ನಿಸಿದ್ರೆ?"

ಅವಳು ಕೇಳಿದ್ದು ನನಗೆ ಅರ್ಥವಾಗಿತ್ತು. ಮುಜುಗರವೂ ಆಯಿತು. ಪಾತ್ರೆಯಿಂದ ಕಣ್ಣೆತ್ತದೆ ಹೇಳಿದೆ: "ಬೆಳಿಗ್ಗೆಯಿಂದ ಕಮ್ಮಿ ಕುಡಿದ್ರೆ ಆಯ್ತು. ಅಭ್ಯಾಸ ಆಗುತ್ತೆ."

ಅಷ್ಟೇ ಹೇಳಿದ್ದು. ಅವಳು ತಲೆಯಾಡಿಸಿ, ಡಬರಿ ಒರೆಸಿ ಒಳಗೆ ಹೋದಳು.

ಎರಡನೆಯ ದಿನ ಇಪ್ಪತ್ತಮೂರು ಕಿಲೋಮೀಟರ್. ಬಿಸಿಲು ಏರುವ ಮೊದಲು ಹೆಚ್ಚು ದೂರ ಹೋಗಿಬಿಡಬೇಕು. ಬೆಳಕು ಹರಿಯುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ, ತಲಾ ಒಂದೊಂದು ಲೀಟರಿನ ನಾಲ್ಕು ಬಾಟಲಿ ತುಂಬಿಸಿ, ಮುಚ್ಚಳ ಬಿಗಿದಿದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿದೆ. ಆಮೇಲೆ ಹೇಳಿದೆ:

"ಮಾದಯ್ಯ, ಇವತ್ತು ಎಲೆಗೆ ಅಂತ ನಿಲ್ಲಿಸೋದು ಬೇಡ. ನಡೀತಾನೇ ಹಾಕ್ಕೊಳ್ಳಿ. ಮಧ್ಯಾಹ್ನ ಕಟ್ಟೆ ಹತ್ರ ಒಂದೇ ಸಲ ನಿಲ್ಲೋಣ."

ಅವರು ನನ್ನನ್ನು ನೋಡಿದರು. ನಂತರ ಪವಿತ್ರಾಳನ್ನು ನೋಡಿದರು.

"ನೆಡಕೊಂಡು ಎಲೆ ಆಕಕ್ಕೆ ಆಯ್ಕಿಲ್ಲ ಕಣವ್ವ."

"ಯಾಕೆ ಆಗಲ್ಲ?"

"ಆಯ್ಕಿಲ್ಲ."

"ಒಂದು ದಿನ ಬಿಟ್ಟರೆ ಏನಾಗುತ್ತೆ?"

ಅವರು ತಲೆಯ ಮೇಲಿನ ಟವೆಲನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. "ನೀವ್ ಯೋಳ್ದಂಗೆ," ಎಂದು ಮುಂದೆ ನಡೆದರು. ಸಿದ್ದರಾಜು ಮಾತ್ರ ಬಿಡಲಿಲ್ಲ. "ಮಾದಣ್ಣ, ಇವತ್ತು ನಿನ್ ಅಲ್ಲು ಬೆಳ್ಳಗಾಯ್ತವೆ ನೋಡು. ಅತ್ತಿಗೆ ಗುರ್ತೇ ಇಡಿಯಕ್ಕಿಲ್ಲ, ಮನೆ ಒಳೀಕೆ ಬುಡಕ್ಕಿಲ್ಲ!" ಮಾದಯ್ಯ ನಗಲಿಲ್ಲ.

ನಮ್ಮ ನಡಿಗೆಯಲ್ಲಿ ನೀರಿನ ಪುಟ ಎಂದೊಂದಿತ್ತು. ಎರಡು ಗಂಟೆಗೊಮ್ಮೆ ಮುಂದಾಳು ಪ್ರತಿಯೊಬ್ಬರ ಬಳಿ ಎಷ್ಟು ನೀರು ಉಳಿದಿದೆ ಎಂದು ನೋಡಿ ಬರೆಯಬೇಕು. ಹಿಂದೊಮ್ಮೆ ನಡುದಾರಿಯಲ್ಲಿ ನೀರು ಮುಗಿದು ಫಜೀತಿಯಾದ ಮೇಲೆ ನಾನೇ ತಂದ ಪದ್ಧತಿ. ಎಂಟು ಗಂಟೆಗೆ ಬರೆದೆ. ಹತ್ತಕ್ಕೆ ಬರೆದೆ. ಹನ್ನೆರಡಕ್ಕೆ ಕಟ್ಟೆ ತಲುಪಿದಾಗ ಅದು ಒಣಗಿತ್ತು. ತಳದ ಕೆಸರು ಬಿರಿದು, ಆನೆಯ ಹೆಜ್ಜೆಗಳು ಬಟ್ಟಲುಗಳ ಹಾಗೆ ಗಟ್ಟಿಯಾಗಿದ್ದವು. ಕಟ್ಟೆಯ ಸುತ್ತ ಒಂದು ಪೊದೆಯೂ ಇರಲಿಲ್ಲ, ಬಟಾಬಯಲು. ಒಣಗಿದೆ ಎಂದು ದಾಖಲಿಸಿ, ಅವಲಕ್ಕಿ ತಿಂದು, ಕಾಲು ಗಂಟೆಯಲ್ಲಿ ಎಲ್ಲರನ್ನೂ ಎಬ್ಬಿಸಿದೆ. ಏಳುವ ಮೊದಲು ನೀರಿನ ಪುಟ ಬರೆದೆ. ಮಾದಯ್ಯ, ಒಂದು ಲೀಟರ್. ಸಿದ್ದರಾಜು, ಒಂದಕ್ಕೂ ಕಡಿಮೆ. ನಾನು, ಮೂರು. ಪವಿತ್ರಾ, ಮೂರೂವರೆ.

"ನೋಡ್ಕೊಳ್ಳಿ," ಎಂದು ಗಂಡಸರಿಗೆ ಹೇಳಿದೆ. "ನೀರು ಹೇಗೆ ಬಳಸಬೇಕು ಅಂತ ಪವಿತ್ರಾನ್ನ ನೋಡಿ ಕಲೀರಿ."

"ಇನ್ನೊಂದು ಒಂಟೆ ಉಟ್ಕತು ಬುಡಿ," ಎಂದ ಸಿದ್ದರಾಜು.

ಪವಿತ್ರಾ ನಕ್ಕಳು. ಅವಳ ತುಟಿ ಬಿಳಿಚಿ ಬಿರುಕುಬಿಟ್ಟಿತ್ತು. ಅದನ್ನು ನಾನು ನೋಡಿದೆ. ನೋಡಿಯೂ, ಆ ಪುಟದಲ್ಲಿ ಅವಳ ಹೆಸರಿನ ಮುಂದೆ 'ಉತ್ತಮ' ಎಂದು ಬರೆದೆ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ನನ್ನ ಅಕ್ಷರ ದುಂಡಗಿದೆ, ಆತುರದ ಗುರುತೂ ಇಲ್ಲ.

ಒಂದು ಗಂಟೆಯ ನಂತರ ದಿಬ್ಬ ಹತ್ತುವಾಗ ಗುರುತಿನ ಮರಗಳ ಸಾಲು ಬಂತು. ಸಿದ್ದರಾಜು ಟೇಪು ಸುತ್ತಿ ಅಂಕಿ ಕೂಗುತ್ತಿದ್ದ, ಪವಿತ್ರಾ ಬರೆಯುತ್ತಿದ್ದಳು. ನಾನು ಹಿಂದಿನಿಂದ ಹಾಳೆಯನ್ನು ನೋಡಿದೆ. ಒಂದು ದಿಂಡಿಗದ ಮರಕ್ಕೆ ಎಂಟು ನೂರ ನಲವತ್ತು ಸೆಂಟಿಮೀಟರ್ ಎಂದಿತ್ತು. ಕೆಳಗಿನ ಸಾಲಿನಲ್ಲಿ ಅಂಕಿಯೇ ಇಲ್ಲ, ಒಂದು ಉದ್ದನೆಯ ಗೀರು.

"ಪವಿತ್ರಾ, ಏನಿದು? ಎಂಟು ನೂರ ನಲವತ್ತು ಅಂದ್ರೆ ಇದು ಮರಾನಾ, ಗುಡಿನಾ?"

ಗದರಿಸಿದೆ ಎಂದೇ ಹೇಳಬೇಕು. ಅವಳು ನನ್ನತ್ತ ತಿರುಗಿ, ಸಣ್ಣ ಮಗುವಿನ ಹಾಗೆ ನಕ್ಕು, "ಅಮ್ಮ, ಮಿಷನ್ ನಿಲ್ಸು. ತಲೆ ನೋಯ್ತಿದೆ," ಎಂದಳು.

ಸಿದ್ದರಾಜುವಿನ ಕೈಯಿಂದ ಟೇಪು ಸುರುಳಿ ಜಾರಿ ಉರುಳಿಕೊಂಡು ಹೋಯಿತು. ಪವಿತ್ರಾ ಅದನ್ನು ಹಿಡಿಯಲು ಎಂಬಂತೆ ಬಾಗಿದಳು. ಮತ್ತೆ ಏಳಲಿಲ್ಲ. ಬೆನ್ನಿನ ಚೀಲದ ಭಾರಕ್ಕೆ ಪಕ್ಕಕ್ಕೆ ಹೊರಳಿ ಒಣ ಎಲೆಯ ಮೇಲೆ ಬಿದ್ದಳು.

ಚರ್ಮ ಮುಟ್ಟಿದೆ. ಕಾವಲಿಯ ಹಾಗೆ ಸುಡುತ್ತಿತ್ತು. ಆ ಬಿಸಿಲಿನಲ್ಲಿ ನಾವೆಲ್ಲ ತೊಯ್ದು ಹೋಗಿದ್ದೆವು, ಅವಳ ಮೈಯಲ್ಲಿ ಬೆವರಿನ ಒಂದು ಹನಿಯೂ ಇರಲಿಲ್ಲ. ಇದರ ಅರ್ಥ ನನಗೆ ಗೊತ್ತಿತ್ತು. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ನಾನೇ ಹೊಸಬರಿಗೆ ಕೊಡುತ್ತಿದ್ದೆ. ಆದರೆ ಆ ಕ್ಷಣ ನನ್ನ ಕೈ ಆಡಲಿಲ್ಲ. ಅವಳ ಚೀಲದ ಬದಿಯ ಜೇಬಿನಿಂದ ಇಣುಕುತ್ತಿದ್ದ ಬಾಟಲಿಗಳನ್ನು ನೋಡುತ್ತ ನಿಂತಿದ್ದೆ. ಬೆಳಿಗ್ಗೆ ನಾನು ಬಿಗಿದು ನೋಡಿದ ಮುಚ್ಚಳಗಳು, ಮೂರು ಹಾಗೇ ಇದ್ದವು. ನೀರಿಲ್ಲದೆ ಬಿದ್ದಿದ್ದ ಹುಡುಗಿಯ ಬೆನ್ನ ಮೇಲೆ ಮೂರೂವರೆ ಲೀಟರ್ ನೀರು.

"ಯಾನವ್ವ ನಿಂತ್ಕಂಡೆ! ಚೀಲ ಬಿಚ್ಚು!"

ಏಳು ವರ್ಷದಲ್ಲಿ ಮಾದಯ್ಯ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಅವರೂ ಸಿದ್ದರಾಜುವೂ ಅವಳನ್ನು ಎತ್ತಿ ದಿಬ್ಬದ ಕೆಳಗಿನ ಹಳ್ಳಕ್ಕೆ ತಂದರು. ಅಲ್ಲಿ ಒಂದು ಹೊಳೆಮತ್ತಿ ಮರ, ಅದರ ಕೆಳಗೆ ಚಾಪೆಯಷ್ಟು ನೆರಳು. ನಾನು ಬೂಟು ಕಳಚಿದೆ, ಬೆಲ್ಟು ಸಡಿಲಿಸಿದೆ. ಅಂಗಿಯ ಗುಂಡಿ ಬಿಚ್ಚಬೇಕು, ಕುತ್ತಿಗೆಗೆ, ಕಂಕುಳಿಗೆ ನೀರು ಹನಿಸಬೇಕು. ಕಣ್ಣು ಅರ್ಧ ತೆರೆದಿದ್ದ ಪವಿತ್ರಾ ನನ್ನ ಕೈ ಹಿಡಿದಳು. ಆ ಹಿಡಿತದಲ್ಲಿ ಬಲವಿರಲಿಲ್ಲ.

"ಬೇಡ ಮೇಡಂ. ಅವರಿದ್ದಾರೆ."

ತಲೆಯೆತ್ತಿ ನೋಡಿದೆ. ನಾನು ಹೇಳುವ ಮೊದಲೇ ಇಬ್ಬರು ಗಂಡಸರೂ ನಮ್ಮ ಹಾಸುವ ದುಪ್ಪಟಿಯನ್ನು ಎರಡೂ ತುದಿ ಹಿಡಿದು ತೆರೆಯಂತೆ ಎತ್ತಿ, ಬೆನ್ನು ತಿರುಗಿಸಿ ನಿಂತಿದ್ದರು.

"ನೋಡು, ತಿರುಗಿ ನಿಂತಿದ್ದಾರೆ," ಎಂದೆ. ಅವಳು ಕೈ ಬಿಟ್ಟಳು.

ನೀರು ಬಾಟಲಿಯಲ್ಲಿ ಬಿಸಿಯಾಗಿತ್ತು. ಆದರೂ ಸುರಿದೆ. ಬಟ್ಟೆಯನ್ನು ತೋಯಿಸಿದೆ, ಇನ್ನೊಂದು ಬಟ್ಟೆಯಿಂದ ಬೀಸಿದೆ. ತುಟಿಗೆ ಹನಿ ಹನಿಯಾಗಿ ಮುಟ್ಟಿಸಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಜೀಪು ಬರುವ ದಾರಿಗೆ ನಾಲ್ಕು ಕಿಲೋಮೀಟರ್. ಬಿದಿರು ಕಡಿದು, ದುಪ್ಪಟಿಯನ್ನು ಎರಡು ಗಳಕ್ಕೆ ಕಟ್ಟಿ ಡೋಲಿ ಮಾಡಿದರು. ಚೀಲಗಳನ್ನು ಮರಕ್ಕೆ ನೇತುಹಾಕಿ, ನೀರು ಮಾತ್ರ ಹಿಡಿದು ಹೊರಟೆವು. ಸಿಗ್ನಲ್ ಸಿಕ್ಕರೆ ಜೀಪಿಗೆ ಹೇಳಲೆಂದು ಪ್ರತಿ ಏರಿನಲ್ಲೂ ಫೋನು ಎತ್ತಿ ಹಿಡಿಯುತ್ತಿದ್ದೆ.

ಅರ್ಧ ದಾರಿಯಲ್ಲಿ ಬಲಗಡೆ ಬಿದಿರು ಲಟಲಟ ಮುರಿಯಿತು. ಮಾದಯ್ಯ ಕೈ ಎತ್ತಿದರು. ಡೋಲಿ ಇಳಿಸಿ ಕೂತೆವು. ಮೂವತ್ತು ಮಾರು ದೂರದಲ್ಲಿ ಒಂದು ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ಹೊಸಬರು ಯಾವಾಗಲೂ ಕೇಳುವ ಘಳಿಗೆ ಅದು. ನನಗೆ ಭಯವಾಗಲಿಲ್ಲ. ಅದು ದಾರಿ ದಾಟುವ ಹತ್ತು ನಿಮಿಷವೂ ನಾನು ಪವಿತ್ರಾಳ ಎದೆ ಏರಿಳಿಯುತ್ತಿದೆಯೇ ಎಂದಷ್ಟೇ ನೋಡುತ್ತಿದ್ದೆ. ಹೊಲಿಗೆ ಮಿಷನ್ನಿನಿಂದ ಕಾಲು ತೆಗೆಯದ ಆ ತಾಯಿಗೆ ಯಾವ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ.

ಮುಂದಿನ ಏರಿನಲ್ಲಿ ಫೋನು ಹತ್ತಿತು. ದಾರಿ ಸೇರಿದಾಗ ಜೀಪು ಕಾಯುತ್ತಿತ್ತು. ನಂಜನಗೂಡಿನ ಆಸ್ಪತ್ರೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಗಾಲಿಮಂಚದ ಮೇಲೆ ಒಳಗೆ ಹೋಗುವಾಗ ಅವಳಿಗೆ ಪ್ರಜ್ಞೆ ಇರಲಿಲ್ಲ.

ವೈದ್ಯೆ ಹೊರಗೆ ಬಂದು ಕೇಳಿದರು: "ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದಾರೆ?"

ಜೇಬಿನಿಂದ ಪುಸ್ತಕ ತೆಗೆದು, ಪುಟ ತೆರೆದು, ಓದಿದೆ. ಎಂಟಕ್ಕೆ ಇಷ್ಟು ಉಳಿದಿತ್ತು, ಹತ್ತಕ್ಕೆ ಇಷ್ಟು, ಹನ್ನೆರಡಕ್ಕೆ ಇಷ್ಟು. ಅವರು ಪುಸ್ತಕವನ್ನು ತೆಗೆದುಕೊಂಡು ತಾವೇ ನೋಡಿದರು. 'ಉತ್ತಮ' ಎಂಬಲ್ಲಿ ಅವರ ಬೆರಳು ನಿಂತಿತು.

"ಇದನ್ನ ಬರೆದವರು ಯಾರು?"

"ನಾನೇ."

"ಮೂತ್ರಕ್ಕೆ ಯಾವಾಗ ಹೋಗಿದ್ದರು?"

ನನಗೆ ಗೊತ್ತಿರಲಿಲ್ಲ. ಆ ದಿನ ಇಪ್ಪತ್ತೇಳು ಮರಗಳ ಸುತ್ತಳತೆ ಗೊತ್ತಿತ್ತು. ಗಾಳಿಯ ದಿಕ್ಕು ಗೊತ್ತಿತ್ತು. ಪಕ್ಕದಲ್ಲೇ ನಡೆದ ಹುಡುಗಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಹಿಂದಿನ ಸಂಜೆ ಅವಳು ನನ್ನನ್ನೇ ಕೇಳಿದ್ದಳು.

ವೈದ್ಯೆ ಬೈಯಲಿಲ್ಲ. "ಕಿಡ್ನಿ ಹೇಗೆ ಕೆಲಸ ಮಾಡುತ್ತೆ ಅಂತ ನೋಡಬೇಕು. ಬೆಳಿಗ್ಗೆವರೆಗೂ ಏನೂ ಹೇಳಕ್ಕಾಗಲ್ಲ," ಎಂದು ಪುಸ್ತಕ ಮರಳಿ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಪವಿತ್ರಾಳ ತಾಯಿ ಸಂಜೆ ಬಸ್ಸಿಗೆ ಬಂದರು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ತೆಗೆಯುವುದನ್ನು ಮರೆತಿದ್ದರು. ನಾನು ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರೂ ಬಾಗಿಲನ್ನೇ ನೋಡುತ್ತ ಬೆಳಗು ಮಾಡಿದೆವು.

ಬೆಳಿಗ್ಗೆ ಎಂಟರ ಹೊತ್ತಿಗೆ, ಕಣ್ಣು ಬಿಟ್ಟಿದ್ದಾಳೆ, ಮಾತಾಡುತ್ತಿದ್ದಾಳೆ ಎಂದು ದಾದಿ ಬಂದು ಕರೆದರು. ತಾಯಿ ಮೊದಲು ಹೋಗಿ ಬಂದರು. ಆಮೇಲೆ ನಾನು. ಕೈಗೆ ನಳಿಕೆ ಸಿಕ್ಕಿಸಿತ್ತು. ಮುಖ ಒಂದೇ ದಿನಕ್ಕೆ ಇಳಿದುಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

"ಸಾರಿ ಮೇಡಂ. ನಂಗಿನ್ನೂ ಅಭ್ಯಾಸ ಆಗಿಲ್ಲ."

ಹತ್ತು ವರ್ಷದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಮಂಚದ ಕಂಬಿ ಹಿಡಿದು ನಿಂತೆ. ತಪ್ಪು ನನ್ನದು ಎಂದು ಹೇಳಿದೆನೋ, ಹೇಳಬೇಕೆಂದುಕೊಂಡೆನೋ, ಈಗ ಖಚಿತವಿಲ್ಲ.

ಹೊರಗೆ ಬಂದಾಗ ಮಾದಯ್ಯ ಬೆಂಚಿನ ಮೇಲೆ ಕೂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು, ಒಂದು ಕ್ಯಾನಿನಲ್ಲಿ ರಾಗಿ ಅಂಬಲಿ ತಂದಿದ್ದರು. ಹುಡುಗಿ ಎಚ್ಚರವಾಗಿದ್ದಾಳೆ ಎಂದು ಹೇಳಿದಾಗ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಏನಾದರೂ ಮಾತಾಡಬೇಕೆಂದು ಹೇಳಿದೆ:

"ಎಲೆ ಹಾಕ್ಕೊಳ್ಳಿ ಮಾದಯ್ಯ. ನಿನ್ನೆಯಿಂದ ಹಾಕಿಲ್ಲ ನೀವು."

"ಊರಲ್ಲಿ ಆಕಕ್ಕಿಲ್ಲ ಕಣವ್ವ."

"ಕಾಡಲ್ಲಿ ಗಂಟೆಗೊಂದು ಸಲ ಹಾಕ್ತಿದ್ರಲ್ಲ?"

ಅವರು ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತ ಹೇಳಿದರು.

"ನೀವು ಬಂದ ಮೊದಲ್ನೇ ವರ್ಸ, ಮನೇಲಿ ಯೋಳ್ದೆ, ಒಂದು ಎಣ್ಮಗ ಬಂದದೆ ನಮ್ಜೊತೆ ನೆಡಿಯಕ್ಕೆ ಅಂತ. ನಮ್ಮೆಂಡ್ರು ಕೇಳುದ್ಲು, ಅಷ್ಟು ಗಂಡುಸ್ರು ಮದ್ಯ ಆ ಮಗ ಎಲ್ಲೋದದು, ಯಾರ್ನ ಕೇಳದು, ಅಂತ. ನನ್ ತಲ್ಗೇ ಓಗಿರ್ನಿಲ್ಲ ಕಣವ್ವ, ಆಣೆಗೂ. ಅವ್ಳೇ ಸಂಚಿ ಕಟ್ಕೊಟ್ಲು. ಗಂಟ್ಗೊಂದಪ ಎಲೆ ಆಕ್ತೀನಿ ಅನ್ನು, ಗಂಡುಸ್ರ ಕರ್ಕಂಡು ಮುಂದುಕ್ಕೋಗು, ಬೆನ್ ಮಾಡ್ಕಂಡು ಕೂತ್ಕೊ, ತಿರುಗ್ ನೋಡ್ಬೇಡ, ಅಂದ್ಲು."

ಏಳು ವರ್ಷ. ನನ್ನ ಕೈಗಡಿಯಾರದ ವ್ಯರ್ಥ ನಿಮಿಷಗಳು.

"ನನಗೆ ಯಾಕೆ ಹೇಳಲಿಲ್ಲ ಮಾದಯ್ಯ? ನಿನ್ನೆ ಬೆಳಿಗ್ಗೆಯಾದ್ರೂ ಹೇಳಬಹುದಿತ್ತಲ್ಲ?"

"ಯೋಳದು ಎಂಗವ್ವ?" ಎಂದರು. "ನೀವು ಕೇಳ್ನಿಲ್ಲ, ನಾನು ಯೋಳ್ನಿಲ್ಲ. ಬಾಯ್ಗೆ ಬಂತು ನೆನ್ನೆ. ನಾಚ್ಕಾಯ್ತು. ಈ ವಯಸ್ನಲ್ಲಿ ನಂಗೇನು ನಾಚ್ಕೆ, ಥೂ."

ಅವರ ನಾಚಿಕೆಗೆ ಕ್ಷಮೆಯಿದೆ. ನನ್ನದಕ್ಕೆ ಇದೆಯೇ ಎಂದು ತಿಳಿಯದು. ಒಬ್ಬ ಹೆಂಗಸು, ಕಾಡಂಚಿನ ಮನೆಯಲ್ಲಿ ಕೂತು, ನನ್ನ ಮುಖವನ್ನೇ ಕಾಣದೆ ಯೋಚಿಸಿದ್ದನ್ನು, ಓದಿದ ನಾನು, ಹೆಣ್ಣಾಗಿ, ಕೇಳಿದವಳಿಗೆ ಉತ್ತರವಾಗಿಯೂ ಹೇಳಲಿಲ್ಲ.

ಪವಿತ್ರಾ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಕಿಡ್ನಿ ನಿಧಾನವಾಗಿ ಸರಿಹೋಯಿತು. ನಾನು ವರದಿ ಬರೆದುಕೊಂಡು ಆಫೀಸಿಗೆ ಹೋದೆ. ಮೇಲಧಿಕಾರಿ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಿಸಿಲಿನ ಹೊಡೆತ ಅಂತ ಬರೆದ್ರೆ ಸಾಕಲ್ವಾ? ಇದೆಲ್ಲ ಬರೀಲೇಬೇಕಾ? ನಿಮಗೇ ಮುಜುಗರ."

"ಬರೀಲೇಬೇಕು ಸರ್. ಅವತ್ತು ಜಗುಲಿ ಮೇಲೆ ನನ್ನ ಚೀಲದಲ್ಲಿ ಸಿಕ್ಕಿದ ಪೊಟ್ಟಣವನ್ನೂ ಪಟ್ಟಿಗೆ ಸೇರಿಸಬೇಕು."

ಅವರ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು. ಆದರೆ ಪೆನ್ನು ತೆಗೆದು ಸಹಿ ಹಾಕಿದರು. ನೀರಿನ ಪುಟವನ್ನೂ ಬದಲಿಸಿದೆವು. ಎಷ್ಟು ಉಳಿದಿದೆ ಎಂದು ಈಗ ಯಾರೂ ಬರೆಯುವುದಿಲ್ಲ. ಎಷ್ಟು ಕುಡಿದರು, ಎಷ್ಟು ಸಲ ಹೋಗಿ ಬಂದರು ಎಂದು ಬರೆಯುತ್ತಾರೆ, ಗಂಡಸರೂ ಹೆಂಗಸರೂ. ಗಂಟೆಗೊಂದು ನಿಲುಗಡೆ ಕಡ್ಡಾಯ. ಹೊಸಬರು ಅದನ್ನು 'ಎಲೆ ಹೊತ್ತು' ಎಂದೇ ಕರೆಯುತ್ತಾರೆ. ಯಾಕೆಂದು ಅವರಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾದೀತು.

ಪುಟ ಬದಲಿಸುವುದು ಸುಲಭವಾಗಿತ್ತು. ಕಷ್ಟವಾದದ್ದು ಮುಂದಿನ ನಡಿಗೆ. ಒಂದು ತಿಂಗಳ ನಂತರ, ಅದೇ ದಾರಿಯಲ್ಲಿ. ಮಾದಯ್ಯ, ಸಿದ್ದರಾಜು, ಹೊಸದಾಗಿ ಬಂದ ಇಬ್ಬರು ಹುಡುಗರು, ನಾನು. ಪವಿತ್ರಾ ಇರಲಿಲ್ಲ. ತಾಯಿ ಕಳಿಸಲಿಲ್ಲ, ನಾನು ಕೇಳಲೂ ಇಲ್ಲ. ಅವಳು ಎರಡು ವರ್ಷ ಬಿಟ್ಟು ತಾನಾಗಿ ಬಂದಳು. ಈಗ ಆ ನಡಿಗೆಗೆ ಅವಳೇ ಮುಂದಾಳು.

ಅಂದು ಬೆಳಿಗ್ಗೆ ಎಲ್ಲರೆದುರಿಗೆ ಒಂದು ಬಾಟಲಿ ಪೂರ್ತಿ ಕುಡಿದು ಹೊರಟಿದ್ದೆ. ಏಳೂವರೆಯ ಹೊತ್ತಿಗೆ ತಡೆದುಕೊಂಡು ಸಾಕಾಯಿತು. ಮಾದಯ್ಯನವರ ಕೈ ಸಂಚಿಯತ್ತ ಹೋಗುವುದನ್ನು ಕಂಡೆ. ಸುಮ್ಮನಿದ್ದಿದ್ದರೆ ಅವರೇ ನಿಲ್ಲಿಸುತ್ತಿದ್ದರು. ನಾನು ಎಂದಿನಂತೆ ಸದ್ದಿಲ್ಲದೆ ಹಿಂದೆ ಉಳಿಯಬಹುದಿತ್ತು.

"ನಿಲ್ಲಿ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ನಾನು ಮೂತ್ರಕ್ಕೆ ಹೋಗಬೇಕು. ನೀವೆಲ್ಲ ಮುಂದೆ ಹೋಗಿ ಕೂತಿರಿ."

ಹೊಸ ಹುಡುಗರು ನೆಲ ನೋಡಿದರು. ಸಿದ್ದರಾಜು ಬಾಯಿ ತೆರೆದು, ಮುಚ್ಚಿ, ಕಡೆಗೆ ತಡೆಯಲಾರದೆ, "ಒಂಟೆ ಕೆಲ್ಸ ಬುಟ್ಬುಡ್ತು ಕಣ್ರಪ್ಪ," ಎಂದ.

"ಸುಮ್ಕೆ ಮುಂದ್ಕೋಗ್ಲಾ," ಎಂದು ಮಾದಯ್ಯ ಅವನ ಬೆನ್ನಿಗೆ ಗುದ್ದಿದರು. ನನ್ನ ಕಡೆ ತಿರುಗದೆಯೇ ಹೇಳಿದರು: "ಓಗ್ರವ್ವ, ಅದ್ಕೇನಂತೆ. ಇಡೀ ಕಾಡೇ ಅದ್ನ ಮಾಡ್ತದೆ."

ನಾಲ್ಕು ಜೊತೆ ಹೆಜ್ಜೆಗಳು ಒಣ ಎಲೆ ಮುರಿಯುತ್ತ ತಿರುವು ದಾಟಿದವು. ನಾನು ಹೋಗಿ ಬಂದೆ. ಅವರು ಬೆನ್ನು ಮಾಡಿ ಸಾಲಾಗಿ ಕೂತಿದ್ದರು. ಮಾದಯ್ಯನವರ ಸಂಚಿ ಸೊಂಟದಲ್ಲೇ ಇತ್ತು, ಬಿಚ್ಚಿರಲಿಲ್ಲ. ಇನ್ನು ಅದರ ಅಗತ್ಯವಿರಲಿಲ್ಲ.

"ತಿರುಗಬಹುದು," ಎಂದೆ. ಅವರು ತಿರುಗಿದ ಮೇಲೆ, ಎರಡನೆಯ ಬಾಟಲಿಯ ಮುಚ್ಚಳ ತೆಗೆದು, ಅವರ ಎದುರಿಗೇ ಕುಡಿದೆ.